ಇಲಿ ಬೀಳದ ಜ್ವರ

ಹೊಸದೊಂದು ಜ್ವರ ಹಡಗು ಹತ್ತಿ ಮದರಾಸಿಗೆ ಬಂದಿಳಿದಿದೆ, ಅಲ್ಲಿಂದ ರೈಲು ಹಿಡಿದು ಬೆಂಗಳೂರು ಸೇರಿದೆ, ಇಂದೋ ನಾಳೆಯೋ ಮೈಸೂರಿಗೂ ಬರಲಿದೆ ಎಂಬ ಸುದ್ದಿಯನ್ನು ಷಣ್ಮುಖಪ್ಪ ಹಲಸಿನಕೊಪ್ಪಲಿನ ಚಾವಡಿಯಲ್ಲಿ ನಿಂತು ತನ್ನಿಂದಾದಷ್ಟು ಗಂಭೀರವಾಗಿ ಹೇಳಿ ಮುಗಿಸಿದಾಗ, ಕಂಬಕ್ಕೊರಗಿ ಕುಳಿತಿದ್ದ ಅವನ ದೊಡ್ಡಪ್ಪ ಪುಟ್ಟಮಲ್ಲಪ್ಪನವರು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲೆಲ್ಲ ಇಲಿ ಬಿದ್ದವಂತಾ?"

ಇಲಿಯ ಮಾತನ್ನು ರೇಡಿಯೋದವರು ಎತ್ತಲಿಲ್ಲ ಎಂದು ಷಣ್ಮುಖಪ್ಪ ಒಪ್ಪಿಕೊಂಡ.

"ಅಂಗಾದ್ರೆ ಅದು ನೆಗಡಿ ಕಣ್ಲಾ ಸಣ್ಮುಕ. ನೆಗಡಿ ಬರೋಕೆ ಹಡಗು ಯಾಕ್ಲಾ ಬೇಕು? ನಮ್ಮ ಕೆರೆ ನೀರೇ ಸಾಕು."

ಚಾವಡಿ ನಕ್ಕಿತು. ಸುದ್ದಿ ಅಲ್ಲಿಗೆ ಮುಗಿಯಿತು. ಇನ್ನು ರೇಡಿಯೋದಲ್ಲಿ ಹಾಡು ಯಾವಾಗ ಎಂದು ಹಾಡಿನ ಹುಚ್ಚಿನ ಕಂಠಪ್ಪ ಕೇಳಿದ.

ಅದು ಐವತ್ತೇಳನೆಯ ಇಸವಿಯ ಜೂನ್ ತಿಂಗಳು. ಬೆಟ್ಟದಪುರದ ಬೆಟ್ಟದ ತಲೆಯ ಮೇಲೆ ಮೋಡ ಕೂತು ಏಳುವುದನ್ನು ನೋಡಿಕೊಂಡು ಜನ ಹೊಗೆಸೊಪ್ಪಿನ ಸಸಿ ನೆಡುವ ಕಾಲ. ಸರ್ಕಾರ ಊರಿಗೆ ಕೊಟ್ಟಿದ್ದ ಪಂಚಾಯಿತಿ ರೇಡಿಯೋ ಷಣ್ಮುಖಪ್ಪನ ಸುಪರ್ದಿನಲ್ಲಿತ್ತು. ಅವನ ಅಂಗಡಿ ಚಾವಡಿಗೆ ಅಂಟಿಕೊಂಡಿದ್ದುದು ಅದಕ್ಕೆ ಒಂದು ಕಾರಣ. ಉಳಿದವರಾರಿಗೂ ಆ ಪೆಟ್ಟಿಗೆಯ ಕಿವಿ ಹಿಂಡುವ ಧೈರ್ಯವಿಲ್ಲದಿದ್ದುದು ಇನ್ನೊಂದು. ಸಂಜೆ ಪೆಟ್ಟಿಗೆಯ ಬೀಗ ತೆಗೆದು, ವಾರ್ತೆಗಳನ್ನು ಕೇಳಿಸಿ, ಕೇಳಿಸಿದ್ದನ್ನು ಮತ್ತೆ ತನ್ನ ಬಾಯಿಂದ ಬಿಡಿಸಿ ಹೇಳುವ ಕೆಲಸವನ್ನು ಅವನು ಪೂಜೆಯಂತೆ ನಡೆಸಿಕೊಂಡು ಬಂದಿದ್ದ. ದೇವರು ಪೂಜೆಗೆ ಕಿವಿಗೊಡುತ್ತಿದ್ದನೋ ಇಲ್ಲವೋ, ಊರಂತೂ ವಾರ್ತೆಗೆ ಕಿವಿಗೊಡುತ್ತಿರಲಿಲ್ಲ.

ಇಲಿಯ ಪ್ರಶ್ನೆ ಹುಚ್ಚುತನದ್ದಲ್ಲವೆಂಬುದು ಅವನಿಗೂ ತಿಳಿದಿತ್ತು. ಸಿಟ್ಟು ಹೆಚ್ಚಾಗಲು ಅದೇ ಕಾರಣ. ಹಿಂದೆ ಪ್ಲೇಗು ಈ ಊರಿಗೆ ಮತ್ತೆ ಮತ್ತೆ ಬಂದಿತ್ತು. ಮೊದಲು ಅಟ್ಟದಿಂದ ಇಲಿ ಬೀಳುತ್ತಿತ್ತು. ನೆಲದ ಮೇಲೆ ಬುಗುರಿಯಂತೆ ಸುತ್ತಿ ಸಾಯುತ್ತಿತ್ತು. ಅದನ್ನು ಕಂಡ ದಿನವೇ ಊರು ಬಿಟ್ಟು ಕೆರೆಯಾಚೆಯ ದಿಣ್ಣೆಯಲ್ಲಿ ಗುಡಿಸಲು ಹಾಕಿಕೊಂಡವರು ಬದುಕಿದರು. ಹಾಸಿಗೆ ಕಟ್ಟಿಕೊಳ್ಳಲೆಂದೋ ಕಾಳು ತುಂಬಿಕೊಳ್ಳಲೆಂದೋ ತಡೆದವರು ಉಳಿಯಲಿಲ್ಲ. ನಡುವೆ ಒಂದು ವರ್ಷ ದೇಶವನ್ನೆಲ್ಲ ಮಲಗಿಸಿದ ದೊಡ್ಡ ಜ್ವರವನ್ನೂ ಊರು ಪ್ಲೇಗಿನ ಖಾತೆಗೇ ಸೇರಿಸಿಬಿಟ್ಟಿತ್ತು. ಹೀಗಾಗಿ ಇಲಿ ಬಿದ್ದರೆ ಕಾಯಿಲೆ, ಬೀಳದಿದ್ದರೆ ನೆಗಡಿ ಎಂಬುದಕ್ಕಿಂತ ಹೆಚ್ಚಿನ ವೈದ್ಯಶಾಸ್ತ್ರ ಹಲಸಿನಕೊಪ್ಪಲಿಗೆ ಬೇಕಾಗಿರಲಿಲ್ಲ.

ಷಣ್ಮುಖಪ್ಪನಿಗೆ ಬೇಕಾಗಿತ್ತು. ಅವನ ತಂಗಿ ನೀಲಾಂಬಿಕೆ ಕೆ.ಆರ್. ನಗರದ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಹಿಂದಿನ ಎರಡು ಬಸಿರುಗಳು ನಿಂತಿರಲಿಲ್ಲ. ಇದೊಂದು ಉಳಿದು ತಿಂಗಳು ತುಂಬುತ್ತಿತ್ತು. ಈ ಜ್ವರ ಬಸುರಿಯರಿಗೆ ಮಿಕ್ಕವರಿಗಿಂತ ಕೆಟ್ಟದ್ದು ಎಂದು ರೇಡಿಯೋದಲ್ಲಿ ಒಬ್ಬ ಡಾಕ್ಟರು ಒಂದೇ ಒಂದು ವಾಕ್ಯ ಹೇಳಿದ್ದರು. ಆ ವಾಕ್ಯ ಅವನ ಎದೆಯಲ್ಲಿ ಮುಳ್ಳಾಗಿ ನಿಂತಿತ್ತು. ಅದನ್ನು ತಾಯಿ ಶಿವನಂಜಮ್ಮನಿಗೂ ಹೇಳಲಾರದೆ, ಕೆಮ್ಮುವವರು ಸೀನುವವರು ಮನೆಯ ಹೊಸ್ತಿಲು ದಾಟಬಾರದೆಂದಷ್ಟೇ ಕಟ್ಟಪ್ಪಣೆ ಮಾಡಿದ. ನೆಂಟರು ಮುಖ ಸಿಂಡರಿಸಿದರು. ಸೂಲಗಿತ್ತಿ ಮಲ್ಲಾಜಮ್ಮ ಮಾತ್ರ, ಸೀನಿದರೆ ತನ್ನನ್ನೂ ಹೊರಗೇ ನಿಲ್ಲಿಸಿ ಕೂಸನ್ನು ನೀನೇ ಹಿಡಿದುಕೋ ಎಂದು ನಕ್ಕು ಒಳಗೆ ಹೋದಳು.

ಇಂಥ ಹೊತ್ತಿನಲ್ಲಿ ರೇಡಿಯೋ ಸತ್ತಿತು. ಅವನು ಬೆಟ್ಟದಪುರದ ಸಂತೆಗೆ ಹೋಗಿದ್ದ ದಿನ ಕಂಠಪ್ಪನೂ ಅವನ ಗೆಳೆಯರೂ ಬೀಗದ ಕೈಯನ್ನು ಶಿವನಂಜಮ್ಮನಿಂದ ಉಪಾಯವಾಗಿ ಈಸಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಹಾಡು, ನಾಟಕ, ಕೊನೆಗೆ ತಮಗೆ ತಿಳಿಯದ ಯಾವುದೋ ಭಾಷೆಯ ಭಾಷಣವನ್ನೂ ಬಿಡದೆ ಕೇಳಿ, ಬ್ಯಾಟರಿಯ ಕೊನೆಯ ಉಸಿರನ್ನೂ ಹೀರಿಬಿಟ್ಟಿದ್ದರು. ಷಣ್ಮುಖಪ್ಪ ಬಂದು ಗುಂಡಿ ತಿರುಗಿಸಿದಾಗ ಪೆಟ್ಟಿಗೆ ಕರ್ರೆಂದು ಸುಮ್ಮನಾಯಿತು. ಜಗತ್ತಿನಲ್ಲಿ ಏನಾಗುತ್ತಿದೆಯೆಂದು ತಿಳಿಯಲೇಬೇಕಾದ ವಾರದಲ್ಲಿ ತನ್ನ ಊರು ಬ್ಯಾಟರಿಯನ್ನು ಭಾಷಣಕ್ಕೆ ಸುರಿದಿದೆಯೆಂದು ಅವನು ಅಂದು ಊಟ ಬಿಟ್ಟ.

ಮರುದಿನ ಬ್ಯಾಟರಿಯನ್ನು ಗೋಣಿತಾಟಿನಲ್ಲಿ ಸುತ್ತಿ, ಮೊದಲ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹುಣಸೂರಿಗೆ ಹೋದ. ಚಾರ್ಜು ಮಾಡುವ ಅಂಗಡಿಯವನ ಕಣ್ಣು ಕೆಂಪಗಾಗಿತ್ತು. ಮೂಗು ಒರೆಸಿಕೊಳ್ಳುತ್ತ ಸಂಜೆಗೆ ಬಾ ಎಂದ. ಇವನ ಗಮನಕ್ಕೆ ಬಂದದ್ದು ಅವನ ನಿಧಾನವೊಂದೇ. ಕಾದಿರುವಷ್ಟು ಹೊತ್ತು ಬಸ್ಸು ನಿಲ್ಲುವ ಕಡೆಯ ಹೋಟೆಲಿನಲ್ಲಿ ಕುಳಿತ. ಅಲ್ಲಿ ಮೈಸೂರಿನ ಪತ್ರಿಕೆ ಹಾಳೆ ಹಾಳೆಯಾಗಿ ಬಿಡಿಸಿಕೊಂಡು ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ಜ್ವರದ ವಿಷಯವಿದ್ದ ನಡುವಿನ ಹಾಳೆ ಒಬ್ಬ ದಪ್ಪನೆಯ ಮನುಷ್ಯನ ಕೈಯಲ್ಲಿತ್ತು. ಅಂದು ಬೆಳಿಗ್ಗೆ ಮೈಸೂರಿನಿಂದ ಬಂದಿದ್ದ ಆತ ಹಾಳೆಯ ಮರೆಯಲ್ಲಿ ಎಡೆಬಿಡದೆ ಸೀನುತ್ತಿದ್ದ. ಬೇರೆ ದಾರಿಯಿಲ್ಲದೆ ಷಣ್ಮುಖಪ್ಪ ಅದೇ ಬೆಂಚಿನಲ್ಲಿ ಒತ್ತರಿಸಿ ಕುಳಿತು, ಆತನ ಭುಜದ ಮೇಲಿಂದ ಕತ್ತು ಚಾಚಿ ಓದಿದ. ಜನ ಗುಂಪು ಸೇರುವ ಕಡೆಗೆ ಹೋಗಬಾರದು. ಕೆಮ್ಮುವವರ, ಸೀನುವವರ ಹತ್ತಿರ ಕುಳಿತುಕೊಳ್ಳಬಾರದು. ಜ್ವರ ಬಂದವರನ್ನು ಬೇರೆಯಾಗಿ ಮಲಗಿಸಬೇಕು. ಇಂಥ ಬೆಲೆಯುಳ್ಳ ಮಾತುಗಳು ಬಾಯಿಪಾಠವಾಗಿರಬೇಕೆಂದು, ಆ ಮನುಷ್ಯನ ಭುಜಕ್ಕೆ ಭುಜ ಕೊಟ್ಟು, ಮತ್ತೊಮ್ಮೆ ಮೊದಲಿನಿಂದ ಓದಿದ.

ಸಂಜೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರು ಮುಟ್ಟಿದಾಗ ತಾಯಿಯೂ ತಂಗಿಯೂ ಮಲಗಿದ್ದರು. ದಣಿವೆಂದುಕೊಂಡು ಅಂಗಡಿಯಲ್ಲೇ ಬಿದ್ದುಕೊಂಡ.

ಬೆಳಗಾಗುವಷ್ಟರಲ್ಲಿ ಕಂಠಪ್ಪನ ಮನೆಯ ನಡುಮನೆಯಲ್ಲಿ ಇಲಿ ಬಿದ್ದಿತ್ತು.

ಷಣ್ಮುಖಪ್ಪ ಓಡಿಹೋಗಿ ನೋಡುವ ಹೊತ್ತಿಗೆ ಅರ್ಧ ಊರು ಬಾಗಿಲಲ್ಲಿತ್ತು. ಹೆಗ್ಗಣದಷ್ಟು ಬೆಳೆದಿದ್ದ ಇಲಿ ಹೊಟ್ಟೆ ಉಬ್ಬಿಸಿಕೊಂಡು, ಹಲ್ಲು ಕಿರಿದು, ನೀರಿನ ಹಂಡೆಯ ಪಕ್ಕದಲ್ಲಿ ಸತ್ತು ಬಿದ್ದಿತ್ತು. ಅದು ಏಕೆ ಸತ್ತಿತೆಂಬುದು ಆ ಗುಂಪಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಇಲಿಪಾಷಾಣ ಮಾರಿದ ಷಣ್ಮುಖಪ್ಪನಿಗೆ, ಕೊಂಡುಹೋಗಿದ್ದ ಕಂಠಪ್ಪನ ಹೆಂಡತಿ ಸುಂದ್ರಮ್ಮನಿಗೆ.

"ಸುಂದ್ರಕ್ಕ, ಹೋದ ವಾರ ನನ್ನ ಅಂಗಡೀಲಿ ಪಾಷಾಣ ತಕೊಂಡೋದ್ರಲ್ಲ, ಅದನ್ನ ಎಲ್ಲಿಕ್ಕಿದ್ರಿ ಹೇಳಿ ಇವರಿಗೆ."

ಸುಂದ್ರಮ್ಮ ಸೆರಗು ಹೊದ್ದುಕೊಂಡಳು. ಎದುರಿಗೆ ಅತ್ತೆ ನಿಂತಿದ್ದರು, ಪುಟ್ಟಮಲ್ಲಪ್ಪನವರು ನಿಂತಿದ್ದರು, ಊರೇ ನಿಂತಿತ್ತು.

"ಯಾವ ಪಾಷಾಣನಪ್ಪ? ಗಣಪತಿ ವಾಹನಕ್ಕೆ ವಿಷ ಇಕ್ಕೋ ಮನೆ ಅಂದ್ಕೊಂಡ್ಯಾ ನಮ್ದು? ಇರುವೆ ಕಂಡ್ರೆ ಸಕ್ಕರೆ ಹಾಕೋ ಜನ ನಾವು." ಹಾಗೆಂದು ಕೊರಳಿನ ಲಿಂಗದ ಶಿವದಾರವನ್ನು ಮುಟ್ಟಿಕೊಂಡಳು.

ಶಿವದಾರ ಮುಟ್ಟಿದ ಮೇಲೆ ಅಂಗಡಿಯವನ ಮಾತು ಯಾವ ಲೆಕ್ಕಕ್ಕೆ ಬಂದೀತು? ಷಣ್ಮುಖಪ್ಪ ಪಾಷಾಣದ ಪೊಟ್ಟಣ ಕಟ್ಟಿದ ಕಾಗದದ ಬಣ್ಣವನ್ನೂ ಹೇಳಿದ. ಇದು ಆ ಕಾಯಿಲೆಯಲ್ಲ, ಹೊಸ ಜ್ವರಕ್ಕೂ ಇಲಿಗೂ ಸಂಬಂಧವಿಲ್ಲ, ಗುಂಪಾಗಿ ಇರುವುದೇ ಇದರಲ್ಲಿ ಅಪಾಯ ಎಂದು ಪತ್ರಿಕೆಯ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದ. ಆದರೆ ಅಷ್ಟು ದಿನ ಅವನ ಸುದ್ದಿಯನ್ನು ನೆಗಡಿಯೆಂದು ತಳ್ಳಿಹಾಕಿದ್ದವರು ಈಗ ಒಂದೇ ಬಾರಿಗೆ ಅದನ್ನು ನಂಬಿಬಿಟ್ಟಿದ್ದರು. ನಂಬಿಕೆ ಎಷ್ಟು ಬಲವಾಗಿತ್ತೆಂದರೆ, ಸುದ್ದಿ ತಂದವನ ಮಾತೂ ಅವರಿಗೆ ಬೇಕಿರಲಿಲ್ಲ. ಇವನೇ ಮೊದಲು ಎಚ್ಚರಿಸಿದ್ದು, ಎಂಥ ತಿಳಿವಳಿಕೆಯ ಹುಡುಗ ಎಂದು ಕಂಠಪ್ಪನ ತಾಯಿ ಅವನ ತಲೆ ಸವರಿದರು. ಅವನಿಗೆ ಆ ಕೈಯನ್ನು ತಳ್ಳಿಬಿಡಬೇಕೆನ್ನಿಸಿತು.

ಸೂರ್ಯ ಮಾರುದ್ದ ಏರುವಷ್ಟರಲ್ಲಿ ತಳವಾರ ಹುಚ್ಚಯ್ಯ ತಮಟೆ ಹೊಡೆದು ಸಾರಿದ. ಊರು ಬಿಡುವುದು, ಸಂಜೆಯೊಳಗೆ ಎಲ್ಲರೂ ಕೆರೆಯಾಚೆಯ ದಿಣ್ಣೆಗೆ ಸೇರುವುದು, ಹಿರಿಯರು ಹೇಳುವ ತನಕ ಊರೊಳಗೆ ಯಾರ ಒಲೆಯಿಂದಲೂ ಹೊಗೆ ಏಳಕೂಡದು. ಮಧ್ಯಾಹ್ನದ ವೇಳೆಗೆ ದಿಣ್ಣೆಯ ಮೇಲೆ ಬಿದಿರು, ಗರಿ, ಹೊಗೆಸೊಪ್ಪಿನ ಚಪ್ಪರದ ಕೋಲು ಎಲ್ಲ ಸೇರಿ ಒಂದು ಉದ್ದನೆಯ ಗುಡಿಸಲೂ ಅದರ ಮಗ್ಗುಲಿಗೆ ಕೆಲವು ಪುಟ್ಟವೂ ಎದ್ದವು. ಮಳೆ ಹನಿಯತೊಡಗಿದ್ದರಿಂದ, ಬೇರೆ ಬೇರೆ ಹಾಕಿಕೊಳ್ಳಬೇಕೆಂದಿದ್ದವರೂ ಉದ್ದನೆಯದಕ್ಕೇ ನುಗ್ಗಿ ಹಾಸಿಗೆಗೆ ಹಾಸಿಗೆ ತಾಗಿಸಿ ಬಿಚ್ಚಿದರು.

ಷಣ್ಮುಖಪ್ಪ ಅದನ್ನು ಕೆರೆ ಏರಿಯ ಮೇಲೆ ನಿಂತು ನೋಡಿದ. ಗುಂಪು ಸೇರಬೇಡಿರೆಂದು ಹೇಳಿ ಹೇಳಿ ಊರಿನ ಗುಂಪನ್ನೆಲ್ಲ ಒಂದೇ ಸೂರಿನ ಕೆಳಗೆ ತುಂಬಿಸಿದವನು ತಾನೇ ಎಂಬ ಕಿರಿಕಿರಿಯಿಂದ ಅವನ ತಲೆ ಸಿಡಿಯಿತು. ತಲೆ ಸಿಡಿಯುತ್ತಿರುವುದು ಕಿರಿಕಿರಿಯಿಂದಲೇ ಎಂದುಕೊಂಡು ಮನೆಗೆ ಬಂದು, ಬಾಗಿಲಿಗೆ ಅಡ್ಡ ಕುಳಿತ. ಯಾರು ಬೇಕಾದರೂ ಹೋಗಲಿ, ನೀಲಾಂಬಿಕೆಯನ್ನು ಆ ಕೊಟ್ಟಿಗೆಗೆ ಕಳಿಸುವುದಿಲ್ಲ. ಊರೆಲ್ಲ ಖಾಲಿಯಾದರೆ ಅವಳಿಗೆ ಊರಿಗಿಂತ ಕ್ಷೇಮವಾದ ಜಾಗವೇ ಇಲ್ಲ.

ಮಾತು ಪುಟ್ಟಮಲ್ಲಪ್ಪನವರ ಕಿವಿಗೆ ಬಿತ್ತು. ಅವರು ದೊಣ್ಣೆಯೂರಿಕೊಂಡು ಬಂದು ಜಗಲಿಯ ಕೆಳಗೆ ನಿಂತರು. ಷಣ್ಮುಖಪ್ಪ ಎದ್ದು ನಿಂತನಾದರೂ ಬಾಗಿಲು ಬಿಡಲಿಲ್ಲ.

"ಒಂದು ಮನೆ ಉಳಿದ್ರೆ ಊರು ಬುಟ್ಟಂಗಲ್ಲ ಕಣಪ್ಪ."

"ದೊಡ್ಡಪ್ಪ, ಇದು ನಿಮ್ಮ ಕಾಲದ ಕಾಯಿಲೆ ಅಲ್ಲ. ಇದು ಉಸಿರಲ್ಲಿ ಬರೋದು. ನೀವು ಅಲ್ಲಿ ಜನಾನ ಕುರಿ ತುಂಬ್ದಂಗೆ ತುಂಬಿದೀರಿ."

"ನಮ್ಮವ್ವ ಒಂದು ದಿನ ತಡ ಮಾಡಿದ್ಲು," ಎಂದರು ಮುದುಕರು. "ಹಸ ಕರ ಹಾಕೋದಿತ್ತು. ಹಾಕಲಿ, ನಾಳೆ ಬತ್ತೀನಿ, ನೀನು ನಡಿ ಅಂದ್ಲು. ನಾನು ನಡೆದೆ. ಆಮೇಲೆ ಅವಳನ್ನ ಕಾಣ್ಲಿಲ್ಲ."

ಆದರೂ ಷಣ್ಮುಖಪ್ಪ ಬಿಡಲಿಲ್ಲ. ಪಾಷಾಣದ ಕಥೆಯನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡು, ಹುಣಸೂರಿನ ಹೋಟೆಲಿನಲ್ಲಿ ತಾನು ಓದಿದ್ದಕ್ಕೆ ಬಂದು, ಕೆಮ್ಮುವವರ ಹತ್ತಿರ ಬಸುರಿ ಹೆಂಗಸು ಕುಳಿತುಕೊಳ್ಳಬಾರದು ಎನ್ನುವ ವಾಕ್ಯದ ನಡುವೆ ಕೆಮ್ಮಿದ. ಮತ್ತೆ ಕೆಮ್ಮಿದ. ಕೆಮ್ಮು ನಿಲ್ಲದೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಬೆನ್ನ ಮೇಲೆ ಯಾರೋ ತಣ್ಣೀರು ಚೆಲ್ಲಿದಂತಾಯಿತು.

ಶಿವನಂಜಮ್ಮ ಮುಂದೆ ಬಂದು ಹಣೆ ಮುಟ್ಟಹೋದಳು. ಅವನು ಆ ಕೈಗೆ ಸಿಕ್ಕದೆ ಜಗಲಿಯ ತುದಿಗೆ ಸರಿದ. ಹುಣಸೂರಿನ ದಪ್ಪನೆಯ ಮನುಷ್ಯನ ಭುಜ, ಹಾಳೆಯ ಮರೆಯ ಸೀನು, ಬ್ಯಾಟರಿ ಅಂಗಡಿಯವನ ಕೆಂಪು ಕಣ್ಣು ಎಲ್ಲವೂ ಒಟ್ಟಿಗೇ ನೆನಪಾದವು. ಸುದ್ದಿ ತರಲು ಹೋದವನು ಬೇರೇನನ್ನು ತಂದಿದ್ದಾನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನೀಲಾಂಬಿಕೆ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ನಿಂತಳು.

"ಅಣ್ಣಯ್ಯ, ಕೆಮ್ಮೋರು ಈ ಹೊಸ್ತಿಲು ದಾಟಬಾರದು ಅಂದೋನು ನೀನೇ ತಾನೆ. ನೀನು ಇಲ್ಲಿರು. ನಾನೇ ದಾಟ್ತೀನಿ."

ಅವನಿಗೆ ಉಳಿದಿದ್ದು ಒಂದೇ ಬೇಡಿಕೆ. ಅವಳನ್ನಾದರೂ ಆ ಗುಂಪಿನಲ್ಲಿ ಹಾಕಬೇಡಿ, ದೂರದಲ್ಲೊಂದು ಬೇರೆ ಗುಡಿಸಲು ಹಾಕಿಸಿ ಎಂದು, ಬಾಯಿಗೆ ಪಂಚೆಯ ಸೆರಗನ್ನು ಒತ್ತಿಕೊಂಡು ಕೇಳಿದ. ಪುಟ್ಟಮಲ್ಲಪ್ಪನವರು ಅವನನ್ನು ಪೆದ್ದನನ್ನು ನೋಡುವಂತೆ ನೋಡಿದರು.

"ಹೆರೋ ಹೆಣ್ಣನ್ನ ಜನದ ಮಧ್ಯೆ ಮಲಗಿಸ್ತೀವೇನ್ಲಾ? ಆವಾಗ್ಲೂ ಬೇರೆ ಗುಡ್ಲೇ ಹಾಕ್ತಿದ್ದು. ಹುಚ್ಚಯ್ಯ ಬೆಳಗ್ಗೇನೆ ಹಾಕವನೆ, ಗಾಳಿ ಬರೋ ಕಡೀಗೆ, ಹುಣಸೆ ಮರದ ತಾವ. ಮಲ್ಲಾಜಮ್ಮನೂ ನಿಮ್ಮವ್ವನೂ ಬುಟ್ರೆ ಇನ್ಯಾರೂ ಅತ್ಲಾಗೆ ಸುಳಿಯಂಗಿಲ್ಲ. ನೀನು ಕೇಳಿದ್ರೆ ತಾನೆ ಹೇಳೋದು."

ಜ್ವರ ಬಂದವರು ಊರಲ್ಲೇ ಉಳಿಯಬೇಕೆಂಬುದೂ ಪ್ಲೇಗಿನ ಕಾಲದ ಕಟ್ಟಳೆಯೇ ಆಗಿತ್ತು. ಹೀಗಾಗಿ ಸಂಜೆಯ ಹೊತ್ತಿಗೆ ಹಲಸಿನಕೊಪ್ಪಲಿನಲ್ಲಿ ನಾಯಿಗಳೂ ಷಣ್ಮುಖಪ್ಪನೂ ಉಳಿದರು.

ಜ್ವರ ಅವನನ್ನು ಬಟ್ಟೆಯಂತೆ ಹಿಂಡಿತು. ಮೂಳೆ ಮೂಳೆಯೂ ನೊಂದಿತು. ಬೆಳಿಗ್ಗೆ ಹುಚ್ಚಯ್ಯ ಏರಿಯ ಮೇಲೆ ಅಂಬಲಿಯ ಮಡಕೆ ಇಟ್ಟು, ತಮಟೆಗೆ ಒಂದು ಏಟು ಹಾಕಿ, ಹಿಂದಕ್ಕೆ ಸರಿದು ನಿಲ್ಲುತ್ತಿದ್ದ. ಷಣ್ಮುಖಪ್ಪ ಗೋಡೆ ಹಿಡಿದು ಹಿಡಿದು ಬಂದು ಮಡಕೆ ತೆಗೆದುಕೊಳ್ಳಬೇಕು. ಆಗ ಹುಚ್ಚಯ್ಯ, ಹಿರಿಯರು ಕೇಳಿಕಳಿಸಿದ್ದನ್ನು ಗಾಳಿಯ ಮೇಲೆ ಕೂಗಿ ಕೇಳುತ್ತಿದ್ದ. ಕಂಕುಳಲ್ಲಿ ಪ್ಲೇಗಿನ ಗೆಡ್ಡೆ ಎದ್ದಿದೆಯೆ? ತೊಡೆಯ ಸಂದಿಯಲ್ಲಿ? ಇನ್ನೆಷ್ಟು ಇಲಿ ಬಿದ್ದವು? ಗೆಡ್ಡೆಯೂ ಇಲ್ಲ, ಇಲಿಯೂ ಇಲ್ಲ, ತಂಗಿ ಹೇಗಿದ್ದಾಳೆ ಎಂದು ಇವನು ಗಂಟಲು ಹರಿಯುವಂತೆ ಕೇಳಿದರೆ, ಅದನ್ನು ಹೇಳಿಕಳಿಸಿಲ್ಲ, ನಾಳೆ ಕೇಳಿಕೊಂಡು ಬರುತ್ತೇನೆ ಎಂದು ಹುಚ್ಚಯ್ಯ ನಡೆದುಬಿಡುತ್ತಿದ್ದ. ನಾಳೆಯ ದಿನ ಬಂದಾಗ ಕೇಳಲು ಮರೆತಿರುತ್ತಿದ್ದ. ಇಲ್ಲವೆ, ಬಸುರಿಯ ಗುಡಿಸಲ ಹತ್ತಿರ ತನ್ನನ್ನು ಯಾರು ಬಿಡುತ್ತಾರೆ ಎಂದು ತನ್ನ ಮೇಲಿನ ತಪ್ಪನ್ನು ಕೊಡವಿಕೊಳ್ಳುತ್ತಿದ್ದ.

ರೇಡಿಯೋದ ಬ್ಯಾಟರಿ ಮಾತ್ರ ಈಗ ಭರ್ತಿಯಾಗಿತ್ತು. ಖಾಲಿ ಚಾವಡಿಯಲ್ಲಿ ಕಂಬಳಿ ಹೊದ್ದು ಕುಳಿತು ಅವನು ವಾರ್ತೆ ಕೇಳಿದ. ಬೊಂಬಾಯಿಯ ಜ್ವರದ ಸ್ಥಿತಿ ತಿಳಿಯಿತು, ಮದರಾಸಿನದು ತಿಳಿಯಿತು, ಸಮುದ್ರದಾಚೆಯ ಊರುಗಳದೂ ತಿಳಿಯಿತು. ಕಣ್ಣಿಗೆ ಕಾಣುವ ಹುಣಸೆಮರದ ಕೆಳಗೆ ಏನಾಗಿದೆಯೆಂದು ತಿಳಿಯಲಿಲ್ಲ.

ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ತಮಟೆ ಕೇಳಲಿಲ್ಲ. ಮಡಕೆಯೂ ಬರಲಿಲ್ಲ. ಹಿಂದಿನ ಸಂಜೆ ಹುಣಸೆಮರದ ಕಡೆ ಹೆಂಗಸರ ಓಡಾಟ ಕಂಡಂತಾಗಿತ್ತು. ಷಣ್ಮುಖಪ್ಪ ಬಿಸಿಲೇರುವ ತನಕ ಕಾದು, ಇನ್ನು ತಡೆಯಲಾರದೆ ಏರಿಯ ಮೇಲೆ ಬಿರಬಿರನೆ ನಡೆದ. ಅರ್ಧ ದಾಟಿದಾಗ ಒಳಗಿಂದ ಕೆಮ್ಮು ಎದ್ದು ಬಂತು. ಒಣ ಕೆಮ್ಮು, ಕೊನೆಯ ಕೆಮ್ಮು ಎಂದುಕೊಂಡ. ನಾಲ್ಕು ಹೆಜ್ಜೆ ಮುಂದಿಟ್ಟ. ಮತ್ತೆ ಬಂತು. ಅಲ್ಲಿಂದ ಗುಡಿಸಲಿನ ಗರಿ ಕಾಣುತ್ತಿತ್ತು, ಒಣಹಾಕಿದ ಸೀರೆ ಕಾಣುತ್ತಿತ್ತು. ಕೂಗಿದರೆ ದನಿ ಮುಟ್ಟದಷ್ಟು, ನಡೆದರೆ ಒಂದು ಎಲೆ ಅಡಿಕೆ ಜಗಿಯುವಷ್ಟರ ದೂರ. ಅವನು ಅಲ್ಲೇ ತೂಬಿನ ಕಲ್ಲಿನ ಮೇಲೆ ಕುಕ್ಕರಿಸಿದ. ತಿಳಿಯದೆ ಕೂತಿರುವುದು ಜ್ವರಕ್ಕಿಂತ ಕೆಟ್ಟದ್ದಾಗಿತ್ತು. ಆದರೂ ಕೂತ.

ಎಷ್ಟೋ ಹೊತ್ತಿನ ಮೇಲೆ ದೊಣ್ಣೆಯೂರಿಕೊಂಡು ಬಂದವರು ಪುಟ್ಟಮಲ್ಲಪ್ಪನವರೇ. ಏರಿಯ ಆ ತುದಿಯಲ್ಲಿ, ಮಾತು ಕೇಳಿಸುವಷ್ಟು ದೂರದಲ್ಲಿ ನಿಂತರು. ನೆಲ ನೋಡಿದರು. ಒಂದು ಕಲ್ಲನ್ನು ದೊಣ್ಣೆಯಿಂದ ಹೊರಳಿಸಿ, ಅದರ ಮೇಲೆ ಕುಳಿತು, ಉಸಿರು ತಂದುಕೊಂಡರು.

"ರಾತ್ರಿ ಹದವಾದ ಮಳೆ," ಎಂದರು. "ಹೊಗೆಸೊಪ್ಪಿಗೆ ಒಳ್ಳೇದಾಯ್ತು."

ಷಣ್ಮುಖಪ್ಪ ಎದ್ದು ನಿಂತ. ನೀಲಾ ಹೇಗಿದ್ದಾಳೆ ಎಂದು ಕೂಗಿದ. ಮುದುಕರು ಕೈ ಎತ್ತಿ ತಡೆದರು. ಅವರ ಸುದ್ದಿಗೆ ಅದರದೇ ಆದ ಸಾಲಿತ್ತು. ಹುಚ್ಚಯ್ಯನಿಗೆ ಜ್ವರ ಬಂದಿದೆ, ಅದಕ್ಕೇ ಮಡಕೆ ಬರಲಿಲ್ಲ. ಕಂಠಪ್ಪನಿಗೂ ಬಂದಿದೆ, ಅವನ ತಾಯಿಗೂ. ಉದ್ದನೆಯ ಗುಡಿಸಲಿನಲ್ಲಿ ಅರ್ಧಕ್ಕರ್ಧ ಜನ ಕೆಮ್ಮುತ್ತಿದ್ದಾರೆ.

"ನೀನಂದಂಗೇ ಆಯ್ತು ಅಂತ ಇಟ್ಕೋ. ಗೆಡ್ಡೆ ಗಿಡ್ಡೆ ಯಾರಿಗೂ ಇಲ್ಲ. ಅವರನ್ನ ಬಿಡಿಬಿಡಿಯಾಗಿ ಹಾಕಿಸ್ತಾ ಇವ್ನಿ ಈಗ. ಅದಕ್ಕೇ ಹೊತ್ತಾಯ್ತು."

"ದೊಡ್ಡಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ. ನೀಲಾ."

"ಹೇಳ್ತಾ ಇಲ್ವೇನ್ಲಾ. ಅವಳ ಗುಡ್ಲಿಗೆ ಜ್ವರ ಹೋಗಿಲ್ಲ. ನಸುಕಲ್ಲಿ ಹೆತ್ಲು. ಹೆಣ್ಣು. ಇಬ್ರೂ ಚೆನ್ನಾಗವ್ರೆ ಅಂತ ಮಲ್ಲಾಜಮ್ಮ ಹೇಳಿಕಳಿಸಿದ್ಲು."

ಷಣ್ಮುಖಪ್ಪ ಕಲ್ಲಿನ ಮೇಲೆ ಮತ್ತೆ ಕುಳಿತ. ಕೆರೆಯ ನೀರು ಸುಮ್ಮನೆ ಮಿನುಗುತ್ತಿತ್ತು.

ಇಲಿ ಬಿದ್ದ ದಿನವೇ ಹೊರಟದ್ದರಿಂದ ಕೂಸು ಉಳಿಯಿತು ಎಂದು ಪುಟ್ಟಮಲ್ಲಪ್ಪನವರು ತಮ್ಮಷ್ಟಕ್ಕೆ ಹೇಳಿಕೊಂಡರು. ಪಾಷಾಣ ಎಂಬ ಮಾತು ಷಣ್ಮುಖಪ್ಪನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ಬೇರೆಯದನ್ನು ಕೇಳಿದ. ಹುಟ್ಟಿದೊಡನೆ ಅತ್ತಿತೆ? ಮೈ ತುಂಬಿಕೊಂಡಿದೆಯೆ? ನೀಲಾ ಏನಾದರೂ ಉಂಡಳೆ? ಅವಳ ಕೈಕಾಲು ಬೆಚ್ಚಗಿವೆಯೆ? ಮಲ್ಲಾಜಮ್ಮನಿಗೆ ಕೆಮ್ಮಿಲ್ಲ ತಾನೆ? ಅವ್ವನಿಗೆ?

"ಅದನ್ನೆಲ್ಲ ನಾನು ಕೇಳ್ಲಿಲ್ಲ ಕಣಪ್ಪ."

"ಕೇಳ್ಕೊಂಡು ಬನ್ನಿ."

"ಈಗ ತಾನೆ ಬಂದು ಕೂತಿವ್ನಿ."

"ಹೋಗಿ ದೊಡ್ಡಪ್ಪ," ಎಂದ ಷಣ್ಮುಖಪ್ಪ. "ಗುಡ್ಲಿನ ಹೊರಗೇ ನಿಂತು ಕೇಳಿ. ಮೊದಲು ಅತ್ತಿತಾ ಅಂತ ಕೇಳಿ, ಮಿಕ್ಕಿದ್ದು ಆಮೇಲೆ. ನಾನು ಇಲ್ಲೇ ಇರ್ತೀನಿ."

ಪುಟ್ಟಮಲ್ಲಪ್ಪನವರು ಗೊಣಗುತ್ತ ಎದ್ದು, ದೊಣ್ಣೆಯನ್ನು ಕೈ ಬದಲಿಸಿ, ದಿಣ್ಣೆಯ ಕಡೆಗೆ ಮುಖ ಮಾಡಿದರು. ಹೆಜ್ಜೆ ನಿಧಾನವಾಗಿತ್ತು. ನಡುದಾರಿಯಲ್ಲಿ ನಿಂತು ಯಾರದೋ ಹೊಗೆಸೊಪ್ಪಿನ ಸಸಿಯನ್ನು ಬಗ್ಗಿ ನೋಡಿದರು. ಷಣ್ಮುಖಪ್ಪ ಹಲ್ಲು ಕಚ್ಚಿಕೊಂಡು, ಅವರು ಮತ್ತೆ ನಡೆಯುವುದನ್ನೇ ಕಾದ.